ಆ ಚಿತ್ರದಲ್ಲಿ ಏನಿತ್ತು

ಅರಸೀಕೆರೆ ನಗರಸಭೆಯ ಮೇಲಿನ ಮಹಡಿ,
ಜೆರಾಕ್ಸ್ ಮೆಷಿನ್ನಿನ ಬಿಸಿಗೆ ಬೆನ್ನು ಕೊಟ್ಟು
ನನ್ನ ಕುರ್ಚಿ. ಹನ್ನೊಂದು ತಿಂಗಳ ಗುತ್ತಿಗೆ.
ಸಾಹೇಬರು ಸಹಿ ಹಾಕಿದ್ದನ್ನು
ಊರಿಗೆ ಕಾಣುವಂತೆ ಹಾಕುವುದು ಕೆಲಸ.

'ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರಬಯಸುವುದೇನೆಂದರೆ
ಸದರಿ ವಾರ್ಡುಗಳ ವ್ಯಾಪ್ತಿಯಲ್ಲಿನ ಕೊಳವೆ ಮಾರ್ಗದಲ್ಲಿ
ತಾಂತ್ರಿಕ ದೋಷ ಕಂಡುಬಂದಿರುವ ಹಿನ್ನೆಲೆಯಲ್ಲಿ
ಮುಂದಿನ ಆದೇಶದವರೆಗೆ ಸದರಿ ನೀರನ್ನು
ಪಾನಯೋಗ್ಯವೆಂದು ಪರಿಗಣಿಸತಕ್ಕದ್ದಲ್ಲ.'
ನಾನೇ ಟೈಪು ಮಾಡಿದ್ದು. ಒಂದು ಕಾಗುಣಿತ ತಪ್ಪಿಲ್ಲ.
ಮ್ಯಾನೇಜರ್ ಪುಟ್ಟಬಸಪ್ಪನವರು ದುಂಡು ಮೊಹರು ಒತ್ತಿದರು,
ಕಾಗದ ಸ್ಕ್ಯಾನ್ ಆಯಿತು, ಕೊಂಚ ವಾರೆಯಾಗಿ,
ಸಂಜೆ ಐದೂ ಮುಕ್ಕಾಲಿಗೆ ಊರಿಗೆ ಹೋಯಿತು.
ನಾನು ಬಸ್ಸಿಗೆ ಹೋದೆ.

ಹನ್ನೆರಡನೇ ದಿನ, ಮೆಟ್ಟಿಲು ಎಣಿಸಿಕೊಂಡು ಬಂದವರು
ಅಸ್ಗರ್ ಸಾಬರು. ಕೊಬ್ಬರಿ ಮಂಡಿಯಲ್ಲಿ
ನಲವತ್ತು ವರ್ಷ ಕಾಯಿ ಅಲ್ಲಾಡಿಸಿ ಬೆಲೆ ಹೇಳಿದ ಕೈ.
ಕಣ್ಣು ಹುಟ್ಟಿನಿಂದ ಇಲ್ಲ.
ಬೈಯಲಿಲ್ಲ. ಜೇಬಿನಿಂದ ಫೋನು ತೆಗೆದು
ಮೇಜಿನ ಮೇಲಿಟ್ಟು ಬೆರಳಾಡಿಸಿದರು.
ಫೋನಿನೊಳಗಿನ ಹೆಂಗಸು ಹೇಳಿದಳು:
'ಚಿತ್ರ.'
ಮತ್ತೆ ಬೆರಳು. 'ಚಿತ್ರ.'
'ಮೊಮ್ಮಗಳು ಮೂರು ದಿನ ಗ್ಲುಕೋಸಿನ ಮೇಲಿದ್ದಳಮ್ಮ.
ಈಗ ಪರವಾಗಿಲ್ಲ, ರೊಟ್ಟಿ ಕೇಳ್ತಾಳೆ.
ಅದಕ್ಕಲ್ಲ ಬಂದದ್ದು.
ಆ ಚಿತ್ರದಲ್ಲಿ ಏನಿತ್ತು?'

ಓದಿದೆ. ಗಟ್ಟಿಯಾಗಿ.
'ಪಾನಯೋಗ್ಯ'ಕ್ಕೆ ಬರುವಷ್ಟರಲ್ಲಿ ಉಸಿರು ಮುಗಿದು
ನಡುವೆ ನಿಂತು ಇನ್ನೊಂದು ಎಳೆದುಕೊಂಡೆ.
ಅವರು ತಲೆ ವಾಲಿಸಿ ಕಾದರು,
ಮುಗಿದ ಮೇಲೂ ಕಾದರು,
ಇನ್ನೂ ಏನೋ ಬರುವುದಿದೆ ಎನ್ನುವ ಹಾಗೆ.
'ಅಂದರೆ, ನೀರು ಕುಡೀಬೇಡಿ ಅಂತಲಾ?'
ಹೌದು ಅಂದೆ.
'ಅಷ್ಟೇನಾ?'
ಅಷ್ಟೇ.

ಏಳುವಾಗ ಹೇಳಿದರು, ಬುದ್ಧಿ ಹೇಳುವ ದನಿಯಲ್ಲಲ್ಲ,
ಮಂಡಿಯ ಮಾತಿನ ಹಾಗೆ:
'ಹಸಿಕಾಯಿ ಅಲ್ಲಾಡಿಸಿದರೆ ನೀರೇ ಸದ್ದು ಮಾಡ್ತದೆ,
ತಿರುಳು ಚಿಪ್ಪಿಗೆ ಅಂಟಿಕೊಂಡು ಕೂತಿರ್ತದೆ.
ಅಟ್ಟದ ಮೇಲೆ ಹತ್ತು ತಿಂಗಳು ಒಣಗಿ, ಬಿಟ್ಟುಕೊಂಡ ಮೇಲೆ
ಲೊಟಕ್ ಲೊಟಕ್ ಅಂತ ಉಂಡೆ ತಾನೇ ಉರುಳ್ತದೆ.
ನಿಮ್ಮ ಕಾಗದದಲ್ಲಿ ನೀರಿನ ಸದ್ದು ಜಾಸ್ತಿ ಅಮ್ಮ.'

ಆವತ್ತಿನಿಂದ ಕಣ್ಣು ಮುಚ್ಚಿ ಕೇಳದೆ ಏನನ್ನೂ ಹಾಕುವುದಿಲ್ಲ.
'ಸದರಿ' ಬಿಟ್ಟೆ. ಬಿಟ್ಟ ಮೇಲೆ
ಯಾವ ಬೀದಿ ಎಂದು ಹೇಳಲೇಬೇಕಾಯಿತು:
ಗಾಣಿಗರ ಬೀದಿ, ಹಳೇ ಟ್ಯಾಂಕಿನ ಹಿಂದಿನ ಮೂರು ಸಾಲು.
'ನಾಳೆ ನೀರು' ಎಂದು ಬರೆದು ಒಮ್ಮೆ ಕೆಟ್ಟೆ;
ಮಾರನೇ ದಿನ ಓದಿದವರು
ಅದರ ಮಾರನೇ ದಿನ ಕೊಡ ಹಿಡಿದು ನಿಂತರು.
ಈಗ ವಾರ, ತಾರೀಖು, ಎಷ್ಟರಿಂದ ಎಷ್ಟರ ತನಕ.

ಪುಟ್ಟಬಸಪ್ಪನವರು ಕನ್ನಡಕ ಹಣೆಗೇರಿಸಿ,
'ಇದೇನಮ್ಮ, ಸೊಸೆಗೆ ಚೀಟಿ ಬರೆದ ಹಾಗಿದೆ!
ನಗರಸಭೆಗೊಂದು ಗಾಂಭೀರ್ಯ ಬೇಡವೆ?'
ಕೆಂಪು ಪೆನ್ನಿನಲ್ಲಿ 'ಈ ಮೂಲಕ' ಸೇರಿಸಿದರು.
ಅಳಿಸಿದೆ. ಸೇರಿಸಿದರು.
ಕೊನೆಗೆ ರಾಜಿ: ಗಾಂಭೀರ್ಯವೆಲ್ಲ ಕೆಳಗಿನ ಸಾಲಿಗೆ,
ಮೊಹರಿನ ಪಕ್ಕ, ಅವರ ಹೆಸರಿನ ಜೊತೆ.

ಮೊನ್ನೆ ಗುರುವಾರ ಮತ್ತೆ ಪೈಪು ಒಡೆಯಿತು.
ಮೂರು ಪದ ಟೈಪು ಮಾಡಿ ಕೈ ತಡೆಯಿತು,
ಇಷ್ಟು ಸಣ್ಣದಕ್ಕೂ ಸಂಬಳ ಕೊಡುತ್ತಾರೆಯೆ ಎಂದು.
ಕಣ್ಣು ಮುಚ್ಚಿ ಒತ್ತಿದೆ.
ಫೋನಿನ ಹೆಂಗಸು, ಸಿಟ್ಟೂ ಮರುಕವೂ ಇಲ್ಲದ ದನಿಯಲ್ಲಿ,
'ನಲ್ಲಿ ನೀರು ಕುಡಿಯಬೇಡಿ' ಎಂದಳು.
ಬೆನ್ನ ಹಿಂದೆ, ಮೆಷಿನ್ನಿನ ಬಳಿ
ಬಾಯಿಗೆ ಎತ್ತಿದ್ದ ಲೋಟವನ್ನು
ಕಾಂತರಾಜ ಕೆಳಗಿಟ್ಟ ಸದ್ದು.